ಅಕ್ಷರ ತೊಡಕಾದವರ ದುಡಿಮೆ

1896ರಲ್ಲಿ ಇಂಗ್ಲೆಂಡಿನ ವೈದ್ಯ ಪ್ರಿಂಗಲ್ ಮಾರ್ಗನ್ ಹದಿನಾಲ್ಕು ವರ್ಷದ ಬಾಲಕನೊಬ್ಬನ ವಿಷಯವಾಗಿ ವೈದ್ಯಪತ್ರಿಕೆಯಲ್ಲಿ ಬರೆದನು. ಬಾಲಕನು ಚುರುಕು ಬುದ್ಧಿಯವನು. ಲೆಕ್ಕವೆಂದರೆ ಅವನಿಗೆ ಪ್ರೀತಿ. ಆದರೆ ತನ್ನ ಹೆಸರನ್ನೇ ಅಕ್ಷರ ಹಿಂದುಮುಂದಾಗಿ ಬರೆಯುತ್ತಿದ್ದನು. ಪಾಠವೆಲ್ಲ ಬಾಯಿಮಾತಿನಲ್ಲಿಯೇ ನಡೆದರೆ ಅವನೇ ಶಾಲೆಗೆ ಮೊದಲಿಗನಾಗುವನೆಂದು ಉಪಾಧ್ಯಾಯರು ಅಭಿಪ್ರಾಯಪಟ್ಟಿದ್ದರು. ದಡ್ಡನೆಂದು ಕೈಬಿಡುವುದು ಅವರಿಗೆ ಸುಲಭವಾಗಿತ್ತು. ಬಿಡಲಿಲ್ಲವೆಂಬುದೇ ದೊಡ್ಡ ಮಾತು.

ಭಾರತದಲ್ಲಿ 1995ರ ಅಂಗವಿಕಲರ ಅಧಿನಿಯಮವು ಈ ತೊಡಕನ್ನು ಹೆಸರಿಸಿರಲಿಲ್ಲ. 2016ರ ಅಧಿನಿಯಮವು ಕಲಿಕಾ ನ್ಯೂನತೆಯನ್ನು ಇಪ್ಪತ್ತೊಂದು ಬಗೆಗಳಲ್ಲಿ ಒಂದಾಗಿ ಸೇರಿಸಿತು. ಸರ್ಕಾರಿ ಉದ್ಯೋಗದ ಮೀಸಲಾತಿಯಲ್ಲಿಯೂ ಪಾಲು ದೊರೆಯಿತು.

ಪರೀಕ್ಷೆಯಲ್ಲಿ ಇಂಥವರಿಗೆ ಹೆಚ್ಚಿನ ಸಮಯವುಂಟು, ಬರೆದುಕೊಡುವವರುಂಟು. ಆದರೆ ಬರೆದುಕೊಡುವವನು ಬಡಗಿಯ ಕೊಟ್ಟಿಗೆಗೆ ಬರುವನೆ? ಅಲ್ಲಿ ಹುಡುಗನ ಉಳಿ ತಪ್ಪದು. ಚೀಟಿಯಲ್ಲಿನ 63 ಅಂಗುಲವನ್ನು 36 ಎಂದು ಓದಿ ಕೊಯ್ದರೆ ಮಾತ್ರ ಮರವೂ ಹಾಳು, ಕೆಲಸವೂ ಹೋಯಿತು. ಅಳತೆಯನ್ನು ಬಾಯಲ್ಲಿ ಹೇಳಿ, ಅವನಿಂದ ತಿರುಗಿ ಹೇಳಿಸಿ, ಹಲಗೆಯ ಮೇಲೆ ಗುರುತು ಹಾಕಿಸಿದರೆ ಯಾರಿಗೂ ನಷ್ಟವಿಲ್ಲ. ಇದನ್ನು ಯಜಮಾನನಿಗೆ ತಿಳಿಸುವವರು ಬೇಕು. ಹುಡುಗನು ನಾಚಿಕೆಯಿಂದ ಹೇಳಲಾರನು. ಆದುದರಿಂದ ಅವನು ಶಾಲೆಯಲ್ಲಿರುವಾಗಲೇ ಉಪಾಧ್ಯಾಯರು ಅವನೊಡನೆ ಕೆಲಸದ ಸ್ಥಳಕ್ಕೆ ಹೋಗಿ ಯಜಮಾನನೊಂದಿಗೆ ಮಾತನಾಡಬೇಕು. “ಚೀಟಿ ಬೇಡ, ಬಾಯಲ್ಲಿ ಹೇಳಿ ಸ್ವಾಮಿ” ಎಂದು ತಲೆಯೆತ್ತಿ ಕೇಳುವುದನ್ನು ಅವನು ಅಲ್ಲಿಯೇ, ಅವರ ಎದುರಿನಲ್ಲಿಯೇ ಕಲಿಯುತ್ತಾನೆ.