ಹೇರು ಹೊತ್ತ ವಿದ್ಯುತ್ ಬೈಕಿನ ಓಟದ ಲೆಕ್ಕ

ಭಾಲ್ಕಿ ತಾಲ್ಲೂಕಿನ ಸಾಯಗಾಂವ ಹೋಬಳಿಯಲ್ಲಿ ಬಿತ್ತನೆಯ ಬೀಜವನ್ನಾಗಲಿ ತೊಗರಿಯ ಚೀಲವನ್ನಾಗಲಿ ವಿದ್ಯುತ್ ಬೈಕಿನ ಮೇಲೆ ಹೇರುವವರು, ಮಾರುವವನು ಹೇಳಿದ ದೂರವನ್ನೇ ನಂಬಿ ಹೊರಡಕೂಡದು. ಅದು ಸಾಮಾನ್ಯವಾಗಿ ಒಬ್ಬನೇ ಸವಾರನು ಸಮರಸ್ತೆಯಲ್ಲಿ ಹೋದಾಗಿನ ದೂರವು.

ಬ್ಯಾಟರಿಯ ವೋಲ್ಟನ್ನು ಆಂಪಿಯರ್-ಗಂಟೆಯಿಂದ ಗುಣಿಸಿದರೆ ವಾಟ್-ಗಂಟೆಯು ದೊರೆಯುವುದು. 48 ವೋಲ್ಟ್, 30 ಆಂಪಿಯರ್-ಗಂಟೆಯ ಬ್ಯಾಟರಿಯಲ್ಲಿ 1440 ಇರುವುದು. ಐದರಲ್ಲೊಂದಂಶವನ್ನು ಮೀಸಲಿಟ್ಟರೆ ಸುಮಾರು 1150 ಉಳಿಯುವುದು. ಗಾಡಿ, ಸವಾರ, ಹೇರು ಸೇರಿ 250 ಕಿಲೋ ಆದಲ್ಲಿ, ಗಂಟೆಗೆ 30 ಕಿ.ಮೀ. ವೇಗದಲ್ಲಿ ಡಾಮರು ರಸ್ತೆಯ ಪ್ರತಿ ಕಿ.ಮೀ.ಗೆ ಸುಮಾರು 24 ವಾಟ್-ಗಂಟೆ ತಗಲುವುದು. ಓಟವು 48 ಕಿ.ಮೀ. ಅದೇ ಹೇರು ಎರೆಮಣ್ಣಿನ ಸಡಿಲ ದಾರಿಗಿಳಿದರೆ, ಮೆಲ್ಲನೆ ಹೋದರೂ 60ರಷ್ಟು ತಗಲಿ ಓಟವು 19 ಕಿ.ಮೀ.ಗೆ ಇಳಿಯುವುದು. ಹಸಿ ಎರೆಯ ಮಾತನ್ನು ಎತ್ತಿನ ಗಾಡಿ ಹೊಡೆದವರಿಗೆ ಹೇಳಬೇಕಾದುದಿಲ್ಲ. ಮೂವತ್ತು ಮೀಟರಿನ ಏರಿಗೆ ಬೇರೆ 27 ವಾಟ್-ಗಂಟೆ ಕೂಡಿಸತಕ್ಕದ್ದು.

ಏರಿನಲ್ಲಿ ಮೋಟರು ತಿಣುಕುವಾಗ ಪ್ರವಾಹವು ಇಮ್ಮಡಿಯಾದರೆ ಸುರುಳಿಯಲ್ಲಿ ಹುಟ್ಟುವ ಕಾವು ನಾಲ್ಮಡಿಯಾಗುವುದು. ಮುಟ್ಟಲಾಗದಷ್ಟು ಬಿಸಿಯಾದ ಮೋಟರನ್ನು ನಿಲ್ಲಿಸಿ ಆರಿಸಬೇಕು. ಸುಟ್ಟ ಸುರುಳಿಗೆ ಹಣ ತೆರುವುದಕ್ಕಿಂತ ಹೇರನ್ನು ಎರಡು ಸಲ ಒಯ್ಯುವುದೇ ಲಾಭವು.

ಲೆಕ್ಕವು ಅಂದಾಜು ಮಾತ್ರವಾದುದರಿಂದ, ಬಿತ್ತನೆಗೆ ಮುಂಚೆಯೇ ಪೂರ್ಣ ಹೇರಿನೊಡನೆ ಸ್ವಂತ ಹೊಲದ ದಾರಿಯಲ್ಲಿ ಹೋಗಿ ನೋಡತಕ್ಕದ್ದು. ಬ್ಯಾಟರಿಯ ಐದರಲ್ಲೆರಡಂಶ ತೀರಿದೊಡನೆ, ಎಲ್ಲಿದ್ದರೂ, ಅಲ್ಲಿಂದಲೇ ಹಿಂದಿರುಗತಕ್ಕದ್ದು.