ಮೊಬೈಲ್ ಹೊತ್ತು: ಹುಮನಾಬಾದ್, ಬಸವಕಲ್ಯಾಣದ ಮನೆಗಳ ಲೆಕ್ಕ

ಮಕ್ಕಳು ಪರದೆಯ ಮುಂದೆ ಎಷ್ಟು ಹೊತ್ತು ಇರಬಹುದು ಎಂಬುದಕ್ಕೆ ಮಿತಿಗಳಿವೆ. ವಿಶ್ವ ಆರೋಗ್ಯ ಸಂಸ್ಥೆಯ 2019ರ ಮಾರ್ಗಸೂಚಿಯಂತೆ ಎರಡು ವರ್ಷ ತುಂಬದ ಕೂಸಿಗೆ ಪರದೆ ಬೇಡ. ಎರಡರಿಂದ ನಾಲ್ಕು ವರ್ಷದವರಿಗೆ ದಿನಕ್ಕೆ ಒಂದು ಗಂಟೆ ಮೀರಬಾರದು. ಭಾರತೀಯ ಮಕ್ಕಳ ತಜ್ಞರ ಅಕಾಡೆಮಿ ಐದರಿಂದ ಹತ್ತು ವರ್ಷದವರಿಗೆ ಎರಡು ಗಂಟೆಯೊಳಗೆ ಎನ್ನುತ್ತದೆ. ದೊಡ್ಡವರಿಗೆ ಇಂಥ ಅಂಕಿಯಿಲ್ಲ. ನಿದ್ದೆ, ಕಣ್ಣು, ಕೆಲಸ ಕೆಡದಿದ್ದರೆ ಸಾಕು.

ಹುಮನಾಬಾದ್, ಬಸವಕಲ್ಯಾಣದ ಮನೆಗಳಲ್ಲಿ ಗಂಟೆ ಎಣಿಸುವುದರಿಂದ ಹೆಚ್ಚೇನೂ ಆಗುವುದಿಲ್ಲ. ಬಹಳಷ್ಟು ಮನೆಗಳಲ್ಲಿ ಒಳ್ಳೆಯ ಮೊಬೈಲ್ ಒಂದೇ, ಅದೂ ಅಪ್ಪನ ಜೇಬಿನಲ್ಲಿ. ಹಗಲೆಲ್ಲ ಮಕ್ಕಳಿಗೆ ಅದರ ಸುಳಿವೇ ಇರುವುದಿಲ್ಲ; ಅಪ್ಪ ಹೊಲದಿಂದಲೋ ಅಂಗಡಿಯಿಂದಲೋ ಮರಳಿ ಬೂಟು ಬಿಚ್ಚುವ ಮೊದಲೇ ಮೊಬೈಲ್ ಕೈ ಬದಲಾಗಿರುತ್ತದೆ. ಒಟ್ಟು ಎರಡೇ ಗಂಟೆ ನೋಡಿದರೂ ಅದು ರಾತ್ರಿ ಒಂಬತ್ತರಿಂದ ಹನ್ನೊಂದರವರೆಗೆ. ಮಲಗುವ ಮುಂಚೆ ಕಣ್ಣಿಗೆ ಬೀಳುವ ಬೆಳಕು ನಿದ್ದೆ ತರಿಸುವ ಮೆಲಟೋನಿನ್ ಸ್ರವಿಕೆಯನ್ನು ತಡಮಾಡುತ್ತದೆ. ಹೀಗಾಗಿ ಇಲ್ಲಿ ಕೇಳಬೇಕಾದದ್ದು ಎಷ್ಟು ಹೊತ್ತು ಎಂದಲ್ಲ, ಯಾವ ಹೊತ್ತು ಎಂದು.

ಊರಿಗೆ ಊರೇ ಒಂದು ಹೊತ್ತು ಗೊತ್ತುಮಾಡಿಕೊಂಡ ಉದಾಹರಣೆಗಳೂ ಇವೆ. ಸಾಂಗಲಿ ಜಿಲ್ಲೆಯ ಮೋಹಿತ್ಯಾಂಚೆ ವಡಗಾಂವ 2022ರಲ್ಲಿ ಸಂಜೆ ಏಳಕ್ಕೆ ಸೈರನ್ ಕೂಗಿಸಿ ಒಂದೂವರೆ ಗಂಟೆ ಟಿವಿ, ಮೊಬೈಲ್ ನಿಲ್ಲಿಸಿತು. 2024ರ ಡಿಸೆಂಬರಿನಲ್ಲಿ ಬೆಳಗಾವಿ ಬಳಿಯ ಹಲಗಾ ಏಳರಿಂದ ಒಂಬತ್ತರವರೆಗೆ ಇದೇ ಕ್ರಮ ಹಿಡಿಯಿತು. ಬೀದರ್ ಸೀಮೆಯಲ್ಲಿ ಇದನ್ನು ಹಾಗೇ ತಂದು ಕೂರಿಸುವುದು ಕಷ್ಟ. ಪುಣೆ–ಹೈದರಾಬಾದ್ ಹೆದ್ದಾರಿ ಎರಡೂ ತಾಲ್ಲೂಕುಗಳನ್ನು ಹಾದುಹೋಗುತ್ತದೆ. ಲಾರಿ ಓಡಿಸುವವರು, ಪುಣೆ, ಮುಂಬೈ, ಹೈದರಾಬಾದಿಗೆ ದುಡಿಯಲು ಹೋದವರು ಇಲ್ಲಿ ಬಹಳ. ಅವರು ಮಕ್ಕಳ ಮುಖ ನೋಡುವುದು ಸಂಜೆ ಢಾಬಾದಿಂದ ಮಾಡುವ ವಿಡಿಯೋ ಕರೆಯಲ್ಲೇ. ಎರಡು ವರ್ಷದೊಳಗಿನ ಕೂಸಿಗೂ ಬಂಧುಗಳ ಜೊತೆ ಅಪರೂಪಕ್ಕೊಮ್ಮೆ ವಿಡಿಯೋ ಕರೆ ಆಗಬಹುದೆಂದು ಅಕಾಡೆಮಿಯೇ ವಿನಾಯಿತಿ ಕೊಟ್ಟಿದೆ. ಇಂಥ ಮನೆಗಳಲ್ಲಿ ನಡೆಯುವ ಕಟ್ಟಳೆ ಬೇರೆ: ಕರೆ ಮುಗಿಯಿತೋ, ಮೊಬೈಲ್ ಗೋಡೆಯ ಮಾಡದಲ್ಲಿ ಚಾರ್ಜಿಗೆ. ಹಾಸಿಗೆಯ ಹತ್ತಿರ ಪ್ಲಗ್ ಇಲ್ಲದ ಹಳೆಯ ಮನೆಗಳಿಗೆ ಇದು ಬಲು ಸುಲಭ.

ಎರಡನೆಯ ತೊಡಕು ಶಾಲೆಯಿಂದಲೇ ಬರುತ್ತದೆ. 2020ರ ಲಾಕ್‌ಡೌನಿನಲ್ಲಿ ರೂಢಿಯಾದ ವಾಟ್ಸ್ಯಾಪ್ ಹೋಂವರ್ಕ್ ಶಾಲೆ ತೆರೆದ ಮೇಲೂ ಪೂರ್ತಿ ನಿಲ್ಲಲಿಲ್ಲ. ಲೆಕ್ಕದ ಫೋಟೋ ನೋಡಲು ಮೊಬೈಲ್ ತೆರೆದ ಹುಡುಗ ಐದೇ ನಿಮಿಷದಲ್ಲಿ ರೀಲ್ಸ್‌ನಲ್ಲಿರುತ್ತಾನೆ. ಅವ್ವನೋ ಅಕ್ಕನೋ ಫೋಟೋ ತೆರೆದು ಓದಬೇಕು, ಹುಡುಗ ನೋಟ್‌ಬುಕ್ಕಿಗೆ ಇಳಿಸಿಕೊಳ್ಳಬೇಕು, ಲೆಕ್ಕ ಮಾಡುವಾಗ ಮೊಬೈಲ್ ಹತ್ತಿರ ಇರಬಾರದು. ಓದು ಬಾರದ ತಾಯಂದಿರಿಗೆ ಇದು ಆಗದ ಮಾತು. ಅಲ್ಲಿ ಹೋಂವರ್ಕನ್ನು ಕರಿಹಲಗೆಯ ಮೇಲೆಯೇ ಬರೆಸಬೇಕೆಂದು ಶಾಲೆಯನ್ನು ಕೇಳುವುದೇ ಸರಿ.

ಊಟದ ಹೊತ್ತಿನ ಮೊಬೈಲ್ ಬಿಡಿಸುವುದು ಎಲ್ಲಕ್ಕಿಂತ ಕಷ್ಟ. “ಮೊಬೈಲ್ ಹಚ್ಚಿದ್ರೇ ಉಣ್ತದ” ಎಂಬ ಮಾತು ಮನೆಮನೆಯಲ್ಲಿದೆ. ಪರದೆ ನೋಡುತ್ತ ಉಣ್ಣುವ ಮಗುವಿಗೆ ಹೊಟ್ಟೆ ತುಂಬಿದ್ದು ತಿಳಿಯುವುದಿಲ್ಲ. ಅದನ್ನು ತೆಗೆದಾಗ ಮಗು ಒಂದೆರಡು ಊಟ ಅರ್ಧಕ್ಕೆ ಬಿಡುತ್ತದೆ. ಅಷ್ಟರಲ್ಲೇ ಅಜ್ಜಿಯ ಜೀವ ತಡೆಯದೆ ಮೊಬೈಲ್ ಮತ್ತೆ ತಾಟಿನ ಮುಂದೆ ಬರುತ್ತದೆ. ಮೊದಲು ಒಪ್ಪಿಸಬೇಕಾದದ್ದು ಅಜ್ಜಿಯನ್ನು.

ಏಪ್ರಿಲ್, ಮೇ ತಿಂಗಳ ಮಾತೇ ಬೇರೆ. ಬಿಸಿಲು 40 ಡಿಗ್ರಿ ದಾಟಿದಾಗ ಮಕ್ಕಳನ್ನು ಹೊರಗೆ ಬಿಡುವಂತಿಲ್ಲ, ಮಧ್ಯಾಹ್ನದ ಪರದೆ ಹೆಚ್ಚುತ್ತದೆ. ಆ ದಿನಗಳಲ್ಲಿ ಬೆಳಗಿನ ಹೊತ್ತನ್ನು ಬಯಲಿಗೇ ಬಿಡಬೇಕು. ಹೊರಗಿನ ಬೆಳಕಿನಲ್ಲಿ ದಿನಕ್ಕೆ ಸುಮಾರು ಎರಡು ಗಂಟೆ ಆಡುವ ಮಕ್ಕಳಿಗೆ ಸಮೀಪದೃಷ್ಟಿ ದೋಷ ಬರುವ ಸಂಭವ ಕಡಿಮೆ.

ದೊಡ್ಡವರು ಬದಲಾಗದೆ ಇದ್ಯಾವುದೂ ನಿಲ್ಲುವುದಿಲ್ಲ. ಬಾಯಲ್ಲಿ ಬುದ್ಧಿ ಹೇಳುತ್ತ ಬೆರಳಲ್ಲಿ ರೀಲ್ಸ್ ಸರಿಸುವ ಅಪ್ಪನ ಮಾತನ್ನು ಯಾವ ಮಗುವೂ ಕೇಳದು. ವಾಟ್ಸ್ಯಾಪ್ ಗುಂಪುಗಳ ನೋಟಿಫಿಕೇಶನ್ ಮುಚ್ಚಿ ಕರೆಯ ಸದ್ದನ್ನಷ್ಟೇ ಉಳಿಸಿಕೊಂಡರೆ ಕೈ ಪದೇ ಪದೇ ಜೇಬಿಗೆ ಹೋಗುವುದು ತಗ್ಗುತ್ತದೆ.

ಮನೆಯ ಕಟ್ಟಳೆಗೆ ಬಗ್ಗದ ಸ್ಥಿತಿಯೂ ಇದೆ. ಆಟದ ಮೇಲೆ ಹಿಡಿತ ತಪ್ಪಿ, ಓದು, ಊಟಕ್ಕಿಂತ ಅದೇ ಮುಖ್ಯವಾಗಿ, ಹಾನಿ ಕಂಡರೂ ಬಿಡಲಾಗದೆ ಸಾಮಾನ್ಯವಾಗಿ ವರ್ಷವಿಡೀ ನಡೆದರೆ ಅದು ಗೇಮಿಂಗ್ ಕಾಯಿಲೆ. 2022ರಲ್ಲಿ ಜಾರಿಗೆ ಬಂದ ವಿಶ್ವ ಆರೋಗ್ಯ ಸಂಸ್ಥೆಯ ರೋಗಪಟ್ಟಿಯಲ್ಲಿ ಇದು ಸೇರಿದೆ. ಬೆಂಗಳೂರಿನ ನಿಮ್ಹಾನ್ಸ್ 2014ರಲ್ಲೇ ಇದಕ್ಕಾಗಿ ‘ಶಟ್’ ಕ್ಲಿನಿಕ್ ತೆರೆಯಿತು. ಅಷ್ಟು ದೂರ ಹೋಗಲಾಗದವರು ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಬಹುದು. ಕರೆಗೆ ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು.