ಜೋಡಿ ಅಚ್ಚಿನ ಟ್ರೇಲರ್: ರಿವರ್ಸ್ ಬಿಡುವ ಕ್ರಮ

ಬೇಸಿಗೆಯಲ್ಲಿ ಕೆರೆಗೋಡು ಹೊಡೆಯೋ ಕಾಲಕ್ಕೆ ನಮ್ಮ ಕಡೆ ಟ್ರೇಲರುಗಳಿಗೆ ಬಿಡುವೇ ಇರಲ್ಲ. ಅದೇ ಹೊತ್ತಿಗೆ ವೆಲ್ಡಿಂಗ್ ಶಾಪಿನ ಮುಂದೆ ಕಮಾನು ಕಟ್ಟಾದವು, ಚಾಸಿ ಬಿರುಕು ಬಿಟ್ಟವು ಸಾಲಾಗಿ ನಿಂತಿರುತ್ತವೆ. ಕೇಳಿದರೆ "ಲೋಡು ಜಾಸ್ತಿ ಆಯ್ತು" ಅಂತಾರೆ. ಅದು ನಿಜವೇ. ಆದರೆ ಹೊಲದ ಬದಿಯಲ್ಲಿ ರಿವರ್ಸ್ ಬಿಡುವಾಗ ಗಾಲಿಗಳು ತಿನ್ನುವ ಪೆಟ್ಟನ್ನು ಯಾರೂ ಲೆಕ್ಕಕ್ಕೆ ಹಿಡಿಯಲ್ಲ. ಇದನ್ನು ಕಮ್ಮಿ ಮಾಡಲು ಒಂದು ಪೈಸೆ ಖರ್ಚಿಲ್ಲ. ನಾನು ನೋಡಿ, ಮಾಡಿ ತಿಳಿದದ್ದನ್ನು ಇಲ್ಲಿ ಬರೆದಿದ್ದೇನೆ.

ಯಾವ ಟ್ರೇಲರಿಗೆ ಈ ಮಾತು?

ಎರಡು ಗಾಲಿ ಟ್ರೇಲರಿಗೆ ಎತ್ತಿನ ಗಾಡಿಯ ಹಾಗೆ ಒಂದೇ ಅಚ್ಚು. ನಿಂತಲ್ಲೇ ತಿರುಗುತ್ತೆ. ಮುಂದಿನ ಅಚ್ಚು ಮೂಕಿಯ ಜೊತೆಗೇ ಹೊರಳುವ ನಾಲ್ಕು ಗಾಲಿಯದು ಬೇರೆ ಜಾತಿ. ನಾನು ಹೇಳುತ್ತಿರುವುದು ಎರಡೂ ಅಚ್ಚು ಹಿಂದುಮುಂದಾಗಿ ಪಕ್ಕಪಕ್ಕದಲ್ಲೇ ಇದ್ದು, ಕಮಾನಿನ ಮೂಲಕ ಚಾಸಿಗೆ ಬಿಗಿದಿರುವ ಟ್ರೇಲರಿನ ವಿಷಯ.

ಪೆಟ್ಟು ಬೀಳೋದು ಹೇಗೆ?

ಮೂಟೆ ಪೇರಿಸಿದ ಮಂಚವನ್ನು ನೆಲದ ಮೇಲೆ ಹಾಗೇ ತಿರುಗಿಸಿ ನೋಡಿ. ನಾಲ್ಕು ಕಾಲೂ ಕಿರ್ ಅಂತ ಅಡ್ಡಡ್ಡ ಎಳೆದಾಡುತ್ತವೆ. ಕೀಲು ಸಡಿಲ ಆಗುತ್ತೆ. ಜೋಡಿ ಅಚ್ಚಿನ ಟ್ರೇಲರ್ ತಿರುಗುವಾಗಲೂ ಅಷ್ಟೇ. ಮುಂದಿನ ಅಚ್ಚಿನ ಗಾಲಿ ಒಂದು ಕಡೆಗೆ, ಹಿಂದಿನದು ಇನ್ನೊಂದು ಕಡೆಗೆ ಅಡ್ಡ ಎಳೆಯುತ್ತೆ. ಕಮಾನು ಮೇಲೆಕೆಳಗೆ ಆಡಲು ಇರುವುದೇ ಹೊರತು ಅಡ್ಡಕ್ಕೆ ಬಾಗಲು ಅಲ್ಲ. ಹಾಗಾಗಿ ಟೈರಿನ ಎಳೆತ ಅಚ್ಚಿಗೆ, ಅಚ್ಚಿನಿಂದ ಯೂ ಬೋಲ್ಟಿಗೆ, ಕಮಾನಿನ ಬ್ರಾಕೆಟ್ಟಿಗೆ, ಕೊನೆಗೆ ಚಾಸಿಯ ವೆಲ್ಡಿಂಗಿಗೆ ಹೋಗಿ ಮುಟ್ಟುತ್ತೆ.

ಒಂದು ಲೆಕ್ಕ ನೋಡಿ. ಎರಡು ಅಚ್ಚುಗಳ ನಡುವೆ 4 ಅಡಿ ಇದ್ದರೆ, ಟ್ರೇಲರ್ ಕಾಲು ಸುತ್ತು ತಿರುಗುವಾಗ ಪ್ರತಿ ಗಾಲಿಯೂ ಒಟ್ಟು ಸುಮಾರು 3 ಅಡಿ ಅಡ್ಡ ಸರಿಯಲೇಬೇಕು. ಇದನ್ನು ತಪ್ಪಿಸೋಕೆ ಆಗಲ್ಲ, ಹಂಚಬಹುದು. 40 ಅಡಿ ಉರುಳುತ್ತಾ ನಿಧಾನ ತಿರುಗಿದರೆ ಒಂದು ಅಡಿಗೆ ಒಂದು ಇಂಚಿನಷ್ಟು ಮಾತ್ರ. ಬಹುಪಾಲು ಟೈರಿನ ರಬ್ಬರೇ ಬಳುಕಿ ತಡೆದುಕೊಳ್ಳುತ್ತೆ. 6 ಅಡಿಯಲ್ಲೇ ತಿರುಗಿಸಿದರೆ ಅಡಿಗೆ 6 ಇಂಚು! ಆಗ ಟೈರು ಉಜ್ಜುತ್ತೆ, ಕಮಾನು ತಿರುಚುತ್ತೆ. ಗಟ್ಟಿ ನೆಲದ ಮೇಲೆ ಕರಿ ಗೀರು ಬಿದ್ದಿದ್ದರೆ ಅದೇ ಸಾಕ್ಷಿ.

ರಿವರ್ಸಿನಲ್ಲೇ ಏಕೆ ಹೆಚ್ಚು?

ಮುಂದಕ್ಕೆ ಎಳೆದಾಗ ಟ್ರೇಲರ್ ತಾನಾಗಿ ನೆಟ್ಟಗಾಗುತ್ತೆ. ಹಿಂದಕ್ಕೆ ತಳ್ಳಿದಾಗ ಮಡಚಿಕೊಳ್ಳುತ್ತೆ. ಹುಕ್ಕಿನ ಹತ್ತಿರ ಸ್ವಲ್ಪ ಓರೆಯಾದದ್ದು ನೋಡನೋಡುತ್ತಲೇ ಪೂರ್ತಿ ಓರೆಯಾಗುತ್ತೆ. ಆಮೇಲೂ ತಳ್ಳಿದರೆ ಟ್ರ್ಯಾಕ್ಟರಿನ ದೊಡ್ಡ ಗಾಲಿ ಮೂಕಿಗೆ ತಾಗುತ್ತೆ.

ಮಾಡಬೇಕಾದ್ದು

1. ತಿರುವನ್ನು ಮುಂದಕ್ಕೆ ಹೋಗುವಾಗಲೇ ಅಗಲವಾಗಿ ತೆಗೆದುಕೊಳ್ಳಿ. ಟ್ರ್ಯಾಕ್ಟರು, ಟ್ರೇಲರು ಒಂದೇ ಸಾಲಿಗೆ ಬಂದ ಮೇಲೆ ನೇರ ಹಿಂದಕ್ಕೆ ಬಿಡಿ.

2. ಟ್ರೇಲರಿನ ಹಿಂಭಾಗ ಎಡಕ್ಕೆ ಹೋಗಬೇಕಾದರೆ ಸ್ಟೇರಿಂಗ್ ಮೊದಲು ಬಲಕ್ಕೆ, ಅದೂ ಸ್ವಲ್ಪವೇ. ಓರೆ ಜಾಸ್ತಿ ಅನ್ನಿಸಿದ ತಕ್ಷಣ ನಿಲ್ಲಿಸಿ, ಮುಂದೆ ಎಳೆದು ನೆಟ್ಟಗೆ ಮಾಡಿ, ಮತ್ತೆ ಬಿಡಿ. ಹೀಗೆ ಎರಡು ಮೂರು ಸಲ ಮಾಡಿದರೆ ಯಾರ ಮರ್ಯಾದೆಯೂ ಹೋಗಲ್ಲ.

3. ಎಡ ಬಲ ಬ್ರೇಕ್ ಪೆಡಲುಗಳನ್ನು ಕೊಂಡಿ ಹಾಕಿ ಜೋಡಿಸಿಯೇ ಇರಿ. ಒಂದೇ ಬ್ರೇಕ್ ಒತ್ತಿ ಟ್ರ್ಯಾಕ್ಟರನ್ನು ಗಿರಕ್ಕನೆ ತಿರುಗಿಸಿದರೆ ಪೆಟ್ಟೆಲ್ಲಾ ಟ್ರೇಲರಿಗೆ.

4. ಇಕ್ಕಟ್ಟಿನಲ್ಲಿ ತಿರುಗಿಸಲೇಬೇಕಾದರೆ ಲೋಡು ಇಳಿಸಿ ತಿರುಗಿಸಿ. ಭಾರ ಅರ್ಧವಾದರೆ ಉಜ್ಜಾಟವೂ ಸುಮಾರು ಅರ್ಧ.

5. ಸಡಿಲ ಒಣ ಮಣ್ಣಿನಲ್ಲಿ ಟೈರು ಸ್ವಲ್ಪ ಜಾರಿಕೊಡುತ್ತೆ. ಹಸಿ ಎರೆ ಹೊಲದಲ್ಲಿ ಹಾಗಲ್ಲ. ಗಾಲಿ ಹೂತು, ಪಕ್ಕದ ಮಣ್ಣು ಗೋಡೆಯಂತೆ ಹಿಡಿಯುತ್ತೆ. ಅಲ್ಲಿ ತಿರುವು ಬೇಡವೇ ಬೇಡ.

6. ನಿಲ್ಲಿಸುವ ಮುಂಚೆ ಒಂದು ಟ್ರೇಲರ್ ಉದ್ದ ನೇರ ಮುಂದೆ ಎಳೆಯಿರಿ. ಕಮಾನು, ಟೈರಿನಲ್ಲಿ ತಿರುಚಿಕೊಂಡದ್ದು ಬಿಚ್ಚಿಕೊಳ್ಳುತ್ತೆ. ಟಿಪ್ಪಿಂಗ್ ಟ್ರೇಲರಾದರೆ ಇದು ಇನ್ನೂ ಮುಖ್ಯ. ಓರೆಯಲ್ಲಿ ನಿಂತು ಎತ್ತಿದರೆ ಮಗುಚುತ್ತೆ.

7. ದಾರಿ ತೋರಿಸುವವರು ಟ್ರೇಲರಿನ ಹಿಂದೆ ನಿಲ್ಲಬಾರದು. ಡ್ರೈವರಿಗೆ ಕಾಣುವ ಹಾಗೆ ಪಕ್ಕದಲ್ಲಿ, ದೂರದಲ್ಲಿ ನಿಲ್ಲಬೇಕು. ಅವರು ಕಣ್ಣಿಗೆ ಮರೆಯಾದರೆ ಆ ಕ್ಷಣ ಗಾಡಿ ನಿಲ್ಲಬೇಕು.

ಟೇಪು ಹಿಡಿದು ನೋಡಿ

ಟ್ರೇಲರನ್ನು ಸಮತಟ್ಟಿನಲ್ಲಿ ಖಾಲಿ ನಿಲ್ಲಿಸಿ. ಹುಕ್ಕಿನ ತೂತಿನ ನಡುವಿನಿಂದ ಮುಂದಿನ ಅಚ್ಚಿನ ಎರಡೂ ತುದಿಗೆ ಅಳತೆ ಹಿಡಿಯಿರಿ. ಎರಡೂ ಸಮ ಬರಬೇಕು. ಆಮೇಲೆ ಮುಂದಿನ ಅಚ್ಚಿನಿಂದ ಹಿಂದಿನ ಅಚ್ಚಿಗೆ ಎಡಗಡೆ ಎಷ್ಟು, ಬಲಗಡೆ ಎಷ್ಟು ನೋಡಿ. ವ್ಯತ್ಯಾಸ ಇದ್ದರೆ ಯೂ ಬೋಲ್ಟು ಸಡಿಲಾಗಿ ಅಚ್ಚು ಸರಿದಿದೆ, ಇಲ್ಲವೇ ಬ್ರಾಕೆಟ್ ಬಾಗಿದೆ. ಬ್ರಾಕೆಟ್ಟಿನ ವೆಲ್ಡಿಂಗ್ ಹತ್ತಿರ ಬಣ್ಣದ ಮೇಲೆ ಕೂದಲೆಳೆಯಷ್ಟು ತುಕ್ಕಿನ ಗೆರೆ ಕಂಡರೆ ಅದು ಬಿರುಕಿನ ಶುರು. ಆಗಲೇ ರಿಪೇರಿ ಮಾಡಿಸಿದರೆ ಅರ್ಧ ದಿನದ ಕೆಲಸ. ಲೋಡು ಹೊತ್ತು ದಾರಿಯಲ್ಲಿ ಕಿತ್ತುಬಂದರೆ ಆ ಬೇಸಿಗೆಯ ದುಡಿಮೆಯೇ ಹೋಯಿತು. ಹೊಸ ಟ್ರೇಲರ್ ತಂದವರು ಮೊದಲ ದಿನವೇ ಈ ಅಳತೆಗಳನ್ನು ಬರೆದಿಟ್ಟುಕೊಳ್ಳಿ. ಮುಂದೆ ಹೋಲಿಸಿ ನೋಡಲು ಬೇಕಾಗುತ್ತೆ.